ಅತ್ತೆ ಕುಡಿಸಿದ ನೀರು

ಉಚ್ಚೆ ಎಂಬ ಮಾತನ್ನು ಓದಲು ನಾಚುವವರು ಇಲ್ಲಿಗೇ ಪುಟ ಮಡಚಬಹುದು. ನಾಚುವಷ್ಟು ನಾಚಿ ನನಗೆ ಸಾಕಾಗಿದೆ. ಚೊಚ್ಚಲ ಹೆರಿಗೆಯಾದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ನನ್ನ ಮೈಯಿಂದ ಮೂತ್ರ ತಾನಾಗಿ ಸೋರುತ್ತಿತ್ತು. ಕೂತರೂ ಸೋರುತ್ತಿತ್ತು, ನಿಂತರೂ ಸೋರುತ್ತಿತ್ತು, ಮಲಗಿದರೆ ಹಾಸಿಗೆ ಕೆಟ್ಟುಹೋಗುತ್ತಿತ್ತು. ಬಂದದ್ದು ನನಗೆ ತಿಳಿಯುತ್ತಿರಲಿಲ್ಲ, ತಡೆಯುವ ಮಾತಂತೂ ದೂರವೇ ಉಳಿಯಿತು.

ಈಗ ನೆಟ್ಟಗಿದ್ದೇನೆ. ಮುಂದೆ ಎರಡು ಮಕ್ಕಳೂ ಆದವು. ನೆಟ್ಟಗಾದ ಸುದ್ದಿ ಊರೂರಿಗೆ ಹರಡಿದ ಮೇಲೆ ನಮ್ಮ ಮನೆಗೆ ಹಿತ್ತಲ ಬಾಗಿಲಿನಿಂದ ಹೆಂಗಸರು ಬರತೊಡಗಿದರು. ಯಮಕನಮರಡಿಯಿಂದ ಬಂದರು, ಗೋಕಾಕದ ಕಡೆಯಿಂದಲೂ ಬಂದರು. ಬಂದವರು ಮಜ್ಜಿಗೆ ಕುಡಿದು, ಮಳೆ ಬೆಳೆ ಮಾತಾಡಿ, ಎದ್ದು ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು, "ನಿಮಗ ಅದು ಆಗಿತ್ತಂತಲ್ಲರಿ" ಎನ್ನುವರು. ಅದು ಎಂದರೆ ಏನು ಎಂದು ನಾನು ಕೇಳುತ್ತಿರಲಿಲ್ಲ. ಅವರ ಸೀರೆಯ ಹಿಂಭಾಗ ನೋಡಿದರೆ ಸಾಕಿತ್ತು. ಹಿತ್ತಲ ಬಾಗಿಲಿಗೂ ಬರಲಾರದವರು ಇನ್ನೆಷ್ಟು ಜನ ಇದ್ದಾರೋ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಕೂತರೆ ನನ್ನ ರೋಗಕ್ಕಿಂತ ನನ್ನ ಅತ್ತೆಯೇ ಹೆಚ್ಚು ಜಾಗ ಹಿಡಿಯುತ್ತಾಳೆ. ಹಿಡಿಯಲಿ. ಆಕೆ ಎಲ್ಲಿ ಕೂತರೂ ಹೆಚ್ಚು ಜಾಗ ಹಿಡಿಯುವ ಹೆಂಗಸೇ.

ನನ್ನ ತವರು ಮೂಡಲಗಿ. ಕೊಟ್ಟದ್ದು ದಡ್ಡಿ ಎಂಬ ಊರಿಗೆ. ನಮ್ಮಲ್ಲಿ ಚೊಚ್ಚಲು ತವರಿನಲ್ಲೇ ಆಗಬೇಕು, ಹಾಗಾಗಿ ಏಳು ತಿಂಗಳು ತುಂಬುತ್ತಲೇ ಮೂಡಲಗಿಗೆ ಬಂದಿದ್ದೆ. ಹೆರಿಗೆ ಸುಲಭವಾಗಲಿಲ್ಲ. ಬೇನೆ ಹತ್ತಿದ್ದು ಒಂದು ದಿನ, ಕೂಸು ಹೊರಗೆ ಬಂದದ್ದು ಅದರ ಮೂರನೆಯ ದಿನ. ಗಂಡು ಕೂಸು. ಅದು ಅಳಲಿಲ್ಲ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ, ಹೆಚ್ಚು ಕೇಳಬೇಡಿ.

ಆಮೇಲೆ ಕೆಲವು ದಿನಕ್ಕೆ ಸೋರಿಕೆ ಶುರುವಾಯಿತು. ಮೊದಲು ಎಲ್ಲರೂ ಬಾಣಂತಿಯ ಮೈ, ಹಾಗೇ ಇರುತ್ತದೆ ಎಂದರು. ನಮ್ಮ ಕಡೆ ಬಾಣಂತಿಯನ್ನು ಒಣಗಿಸಿ ಗಟ್ಟಿ ಮಾಡುವ ಪದ್ಧತಿ. ಮಲಗುವ ಹೊರಸಿನ ಕೆಳಗೆ ಕೆಂಡ ಇಟ್ಟು ಕಾಸುತ್ತಾರೆ, ಒಣರೊಟ್ಟಿ, ಬೆಳ್ಳುಳ್ಳಿ, ಅಂಟಿನುಂಡಿ ತಿನ್ನಿಸುತ್ತಾರೆ, ನೀರು ಮಾತ್ರ ಕೊಡುವುದಿಲ್ಲ. ಗಂಟಲು ತೋಯುವಷ್ಟು ಅಜವಾನದ ನೀರು, ಅಷ್ಟೇ. ನೀರು ಕುಡಿದರೆ ಹೊಟ್ಟೆ ಜೋಲುತ್ತದೆ, ನಂಜು ಏರುತ್ತದೆ ಎಂಬ ನಂಬಿಕೆ. ನನಗಂತೂ ಸೋರುವ ಮೈ. ಒಳಗೆ ಹೋಗದಿದ್ದರೆ ಹೊರಗೆ ಬರುವುದೆಲ್ಲಿಂದ ಎಂದು ಅವ್ವ ಲೆಕ್ಕ ಹಾಕಿದಳು. ನನಗೂ ಅದು ಸರಿ ಎನ್ನಿಸಿತು. ತುಟಿ ಒಡೆದರೂ ನೀರು ಕೇಳಲಿಲ್ಲ.

ಬಾಣಂತನದ ಅವಧಿ ಮುಗಿಯಿತು, ಸೋರುವುದು ಮುಗಿಯಲಿಲ್ಲ. ನನ್ನನ್ನು ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಯಾರೂ ಕೆಟ್ಟವರಲ್ಲ. ಆದರೆ ಬಂದವರು ಹೊಸ್ತಿಲ ಹೊರಗೆ ನಿಂತೇ ಮಾತಾಡಿಸಿ ಹೋಗುತ್ತಿದ್ದರು. ದಡ್ಡಿಯಿಂದ ಯಾರೂ ಬಾರದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಬಂದವಳು ಅತ್ತೆ. ಹೆಸರು ಸಿದ್ದವ್ವ. ಗಂಡ ತೀರಿದ ಮೇಲೆ ಹೊಲ ಮನೆ ಎರಡನ್ನೂ ಹಿಡಿದು ನಡೆಸಿದವಳು, ನಕ್ಕದ್ದನ್ನು ಕಂಡವರು ಕಡಿಮೆ. ಅಲ್ಲಿಯವರೆಗೆ ಆಕೆಯನ್ನು ಕಂಡರೆ ನನಗೂ ಹೆದರಿಕೆಯೇ. ಚಕ್ಕಡಿಯಿಂದ ಇಳಿದವಳು ಕಾಲು ತೊಳೆದು, ಯಾರನ್ನೂ ಕೇಳದೆ ನೇರವಾಗಿ ನನ್ನ ಕೋಣೆಗೆ ಬಂದಳು. ನಾನು ಕೂತಿದ್ದ ಕಂಬಳಿ ಹಸಿಯಾಗಿತ್ತು. ಅದರ ಮೇಲೆಯೇ ನನ್ನ ಬಾಜೂ ಕೂತಳು. "ಅತ್ತಿ, ಹಸಿ ಐತ್ರಿ" ಎಂದೆ.

"ಕಾಣತೈತಿ," ಎಂದಳು. ಏಳಲಿಲ್ಲ.

ಅವ್ವ ಬಾಗಿಲಲ್ಲಿ ನಿಂತು ಅಳಲು ಶುರುಮಾಡಿದಳು. ಅತ್ತೆ ಆಕೆಯನ್ನು ಒಂದು ಗಳಿಗೆ ಅಳಲು ಬಿಟ್ಟು, "ಅಕ್ಕಾರ, ಉಳಿದದ್ದನ್ನ ಆಮ್ಯಾಲ ಅಳೂನು. ಆಕಿ ಸೀರಿ ಎಷ್ಟ ಅದಾವ ಅಷ್ಟೂ ಗಂಟ ಕಟ್ರಿ," ಎಂದಳು.

"ಹಿಂಗಿದ್ದಾಕಿನ್ನ ಒಯ್ದ ಏನ ಮಾಡ್ತೀರಿ? ನೆಟ್ಟಗಾದ ಮ್ಯಾಲ ನಾವ ಕಳಸ್ತೇವಿ."

"ನೆಟ್ಟಗಿದ್ದಾಗ ನಮ್ಮ ಸೊಸಿ, ಸೊಟ್ಟಗಾದ ಮ್ಯಾಲ ನಿಮ್ಮ ಮಗಳು ಅಂದ್ರ ಅದ್ಯಾವ ನ್ಯಾಯರಿ?"

ಅವ್ವ ಕಣ್ಣೊರೆಸಿಕೊಂಡು ಒಳಗೆ ಹೋದಳು. ಗಂಟು ಕಟ್ಟಿದಳು.

ದಡ್ಡಿಯಲ್ಲಿ ಅತ್ತೆ ನನ್ನ ವ್ಯವಸ್ಥೆಗೆ ಕೂತಳು. ಸಗಣಿ ಕುಳ್ಳಿನ ಬೂದಿಯನ್ನು ಜರಡಿ ಹಿಡಿದು, ಹಳೆಯ ಧೋತರದ ಬಟ್ಟೆಯಲ್ಲಿ ತುಂಬಿ, ಸಣ್ಣ ಸಣ್ಣ ಚೀಲ ಹೊಲಿದಳು. ಬೂದಿ ಹಸಿಯನ್ನು ಹೀರುತ್ತದೆ, ವಾಸನೆಯನ್ನೂ ತಕ್ಕಮಟ್ಟಿಗೆ ನುಂಗುತ್ತದೆ. ಕಚ್ಚೆಯಂತೆ ಕಟ್ಟಿಕೊಂಡರೆ ಒಂದು ಹೊತ್ತು ಅಡುಗೆ ಮನೆಯಲ್ಲಿ ನಿಲ್ಲಬಹುದಿತ್ತು. ನೀರಿನ ಲೆಕ್ಕದಲ್ಲಿ ಮಾತ್ರ ಅತ್ತೆಯೂ ಅವ್ವನ ಹಾಗೆಯೇ, ನಾನು ಕುಡಿಯದಂತೆ ಕೊಡದ ಮೇಲೆ ಕಣ್ಣಿಟ್ಟಿರುತ್ತಿದ್ದಳು. ಬೂದಿ ತೀರದಂತೆ ತಂದು ಜರಡಿ ಹಿಡಿಯುವ ಕೆಲಸವನ್ನು ತನ್ನ ಮಗನಿಗೆ, ನಮ್ಮ ಮನೆಯವರಿಗೆ, ಹಚ್ಚಿದಳು. ಅವರು ಮಾತಿಲ್ಲದೆ ಮಾಡಿದರು. ನಮ್ಮ ಮನೆಯವರು ಒಳ್ಳೆಯವರು, ಅದರಲ್ಲಿ ಸುಳ್ಳಿಲ್ಲ. ಆದರೆ ಅವರ ಒಳ್ಳೆಯತನಕ್ಕೆ ಬಾಯಿ ಇರಲಿಲ್ಲ. ಒಂದು ಮಾತು ಬೇಕಾಗಿದ್ದಾಗ ಅವರು ಎತ್ತಿನ ಕೊರಳ ಗಂಟೆ ಸರಿಮಾಡುತ್ತ ನಿಂತುಬಿಡುವರು. ಇದಕ್ಕಾಗಿ ನಾನು ಅವರ ಮೇಲೆ ಬಹಳ ಸಿಟ್ಟಾಗಿದ್ದೆ.

ಮನೆಯಲ್ಲಿ ನಮ್ಮ ಮನೆಯವರ ಸೋದರತ್ತೆ ಕಾಶವ್ವ ಇದ್ದಳು, ಮಾವನ ಅಕ್ಕ. ಬೆಳಿಗ್ಗೆ ನಾವೆಲ್ಲ ಒಂದೇ ಸಾಲಿನಲ್ಲಿ ಕೂತು ಕೊರಳಲ್ಲಿನ ಲಿಂಗವನ್ನು ಅಂಗೈಗೆ ತಗೊಂಡು ಪೂಜೆ ಮಾಡುವುದು ಆ ಮನೆಯ ರೂಢಿ. ನಾನು ಬಂದ ಮರುದಿನವೇ ಕಾಶವ್ವ ತನ್ನ ಮಣೆಯನ್ನು ದೂರ ಎಳಕೊಂಡಳು. "ಮೈಲಿಗಿ ಸೋರಾಕತ್ತೈತಿ. ಆಕಿ ಹೆಂಗ ಲಿಂಗಾ ಮುಟ್ಟತಾಳ?" ಎಂದಳು.

ಅತ್ತೆ ವಿಭೂತಿ ಹಚ್ಚಿಕೊಳ್ಳುತ್ತಲೇ ಉತ್ತರ ಕೊಟ್ಟಳು. "ಹಡದಾಕಿಗಿ ಸೂತಕ ಇಲ್ಲ, ಮುಟ್ಟಾದಾಕಿಗಿ ಸೂತಕ ಇಲ್ಲ ಅಂತ ನಮ್ಮ ಹಿರ್ಯಾರು ಹೇಳಿ ಹೋಗ್ಯಾರ. ಉಚ್ಚಿಗೊಂದು ಹೊಸಾ ಸೂತಕ ನೀವ ತರಬ್ಯಾಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ನೀಲವ್ವಾ, ಸರದ ಕುಂದ್ರು," ಎಂದಳು. ನಾನು ಸಾಲಿಗೆ ಸರಿದು ಕೂತೆ. ಅಂಗೈಯಲ್ಲಿನ ಲಿಂಗ ಕಣ್ಣೀರಿಗೆ ಮಸುಕಾಗಿ ಕಂಡಿತು. ಆ ದಿನದಿಂದ ನನಗೆ ಅತ್ತೆಯ ಹೆದರಿಕೆ ಹೋಯಿತು.

ಆದರೆ ಕಾಶವ್ವ ಸುಮ್ಮನಿರುವವಳಲ್ಲ. ಹುಕ್ಕೇರಿಯಲ್ಲಿ ಆಕೆಯ ಸಂಬಂಧಿಕರಿದ್ದರು, ಅವರಲ್ಲಿ ಒಂದು ಕನ್ಯೆ. ಮನೆತನ ಮುಂದುವರಿಯಬೇಕು, ಮೊದಲನೆಯವಳನ್ನು ಹೊರಹಾಕುವುದು ಬೇಡ, ಮೂಲೆಯಲ್ಲಿ ಇರುತ್ತಾಳೆ, ಎರಡನೆಯವಳು ಬರಲಿ ಎಂದು ಮಾತು ಎತ್ತಿದಳು. ಹುಕ್ಕೇರಿಯವರೂ ಒಪ್ಪಿದರು. ಮಾತು ನಡೆದದ್ದು ಪಡಸಾಲೆಯಲ್ಲಿ, ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ನಮ್ಮ ಮನೆಯವರು ಏನೆನ್ನುತ್ತಾರೆ ಎಂದು ಕಿವಿಗೊಟ್ಟೆ. ಅವರು ಏನೂ ಅನ್ನಲಿಲ್ಲ.

ಅತ್ತೆ ಹೇಳಿದಳು: "ಯುಗಾದಿ ತನಕ ಆ ಮಾತ ಬ್ಯಾಡ. ಬೆಳಗಾವ್ಯಾಗ ಹೆಣ್ಣ ಡಾಕ್ಟರ ಬಂದಾಳಂತ, ಯಮಕನಮರಡಿ ಜೈನರ ಅಂಗಡ್ಯಾಗ ಹೇಳಿದ್ರು. ತೋರಿಸಿಕೊಂಡ ಬರ್ತೇನಿ."

"ಅಲ್ಲೂ ಆಗುದುಲ್ಲ ಅಂದ್ರ?" ಎಂದು ಕಾಶವ್ವ ಕೇಳಿದಳು.

ಅತ್ತೆ ಉತ್ತರ ಕೊಡದೆ ಎದ್ದು ಹೋದಳು. ಅತ್ತೆಯ ಬಳಿ ಉತ್ತರ ಇಲ್ಲದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಬದುಕು ಯುಗಾದಿಗೆ ನಿಂತಿತು ಎಂದು ತಿಳಿಯಿತು.

ಬೆಳಗಾವಿಗೆ ಹೋಗಲು ಯಮಕನಮರಡಿಯವರೆಗೆ ಚಕ್ಕಡಿ, ಅಲ್ಲಿಂದ ಸರ್ವಿಸ್ ಮೋಟಾರು. ನಾನು ಹಿಂದಿನ ದಿನದಿಂದ ಹನಿ ನೀರು ಮುಟ್ಟಿರಲಿಲ್ಲ. ಮೋಟಾರಿನಲ್ಲಿ ಸೋರಿದರೆ ಏನು ಗತಿ? ಅತ್ತೆಯೂ, "ಹೌದು, ಇವತ್ತಂತೂ ಹನಿನೂ ಬ್ಯಾಡ," ಎಂದು ತಂಬಿಗೆಯನ್ನು ಬೋರಲು ಹಾಕಿಯೇ ಗಂಟಿನಲ್ಲಿ ಕಟ್ಟಿದ್ದಳು. ಆದರೂ ಸೋರಿತು. ನೀರು ಕುಡಿಯದವರ ಉಚ್ಚೆಯ ವಾಸನೆ ಬಲು ಖಾರ, ಅದು ನನಗೆ ಆಗ ತಿಳಿದಿರಲಿಲ್ಲ. ಮೋಟಾರು ತುಂಬ ಜನ. ಎದುರಿಗೆ ಕೂತ, ಜರಿಯ ರುಮಾಲು ಸುತ್ತಿದ ಒಬ್ಬಾತ ಮೂಗಿಗೆ ಧೋತರದ ಚುಂಗು ಒತ್ತಿಕೊಂಡು, "ಯಾರದರಿ ಇದು ನಾತ? ಮನಷ್ಯಾರು ಕುಂದ್ರುದು ಹೆಂಗ?" ಎಂದ.

ಎಲ್ಲರ ಕಣ್ಣೂ ತಿರುಗಿದವು. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ.

"ನಂದರಿ," ಎಂದಳು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. "ವಯಸ್ಸಾತು, ತಡಿಯಾಕ ಆಗುದುಲ್ಲ. ನಿಮ್ಮ ಮನ್ಯಾಗೂ ಮುದುಕ್ರು ಇರಬೇಕಲ್ಲರಿ."

ಆತ ಕಿಟಕಿಯ ಹೊರಗೆ ನೋಡತೊಡಗಿದ. ಆಗ ಅತ್ತೆಗೆ ಐವತ್ತೂ ಆಗಿರಲಿಲ್ಲ. ಹೊಲದಲ್ಲಿ ಗಂಡಸರಿಗೆ ಸರಿಸಮ ಕುಡುಗೋಲು ಬೀಸುವ ಹೆಂಗಸು, ತುಂಬಿದ ಮೋಟಾರಿನಲ್ಲಿ ನನ್ನ ನಾತವನ್ನು ತನ್ನದೆಂದು ಹೇಳಿಕೊಂಡು ಬೆಳಗಾವಿ ಬರುವವರೆಗೆ ತಲೆ ಎತ್ತಿಯೇ ಕೂತಳು. ನನ್ನನ್ನು ಹೆತ್ತವಳೂ ಹೀಗೆ ಮಾಡುತ್ತಿದ್ದಳೋ ಇಲ್ಲವೋ. ಹೆತ್ತವಳಿಗೆ ನಾಚಿಕೆ ಹೆಚ್ಚು.

ದವಾಖಾನೆಯ ಪಡಸಾಲೆಯಲ್ಲಿ ಹೆಂಗಸರು ಗೋಡೆಗುಂಟ ಸಾಲಾಗಿ ಕೂತಿದ್ದರು. ನಾನು ಎಲ್ಲರಿಂದ ದೂರ, ಮೆಟ್ಟಿಲ ಬದಿಗೆ ಕೂತೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಬಂದು ನನ್ನ ಪಕ್ಕದಲ್ಲೇ ಕೂತಳು. ನನ್ನ ಮೂಗಿಗೆ ಗೊತ್ತಾಯಿತು, ಆಕೆಯ ಮೂಗಿಗೂ ಗೊತ್ತಾಗಿರಬೇಕು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಆಕೆ ಯಾವ ಊರಿನವಳೋ, ಬರಿ ಮರಾಠಿ ಬರುತ್ತಿತ್ತು. ನನ್ನ ಕೈ ಹಿಡಿದುಕೊಂಡು ಕೂತಳು. ಭೂಮಿಯ ಮೇಲೆ ಈ ರೋಗ ನನಗೊಬ್ಬಳಿಗೇ ಬಂದಿದೆ ಎಂದು ನಂಬಿದ್ದೆ. ಇಲ್ಲ ಎಂದು ತಿಳಿದ ಸಮಾಧಾನ ಎಷ್ಟು ದೊಡ್ಡದೆಂದರೆ, ಒಳಗೆ ಕರೆದದ್ದೂ ನನಗೆ ಕೇಳಿಸಲಿಲ್ಲ.

ಡಾಕ್ಟರಬಾಯಿ ಸಣ್ಣ ಮೈಯ ಮರಾಠಿ ಹೆಂಗಸು. ಕನ್ನಡ ಅರ್ಧಂಬರ್ಧ ಬರುತ್ತಿತ್ತು. ಪರೀಕ್ಷೆ ಮಾಡುವಾಗ ಮೂಗು ಸಿಂಡರಿಸಲಿಲ್ಲ, ಮುಖ ತಿರುಗಿಸಲಿಲ್ಲ. ಅಷ್ಟಕ್ಕೇ ನಾನು ಆಕೆಯ ಕಾಲಿಗೆ ಬೀಳಲು ತಯಾರಿದ್ದೆ. ಕೂಸಿನ ತಲೆ ಬಹಳ ಹೊತ್ತು ಸಿಕ್ಕಿಕೊಂಡು ಒಳಗೆ ತೂತು ಬಿದ್ದಿದೆ, ಹೊಲಿಯಬಹುದು, ಆದರೆ ಈಗಲೇ ಆಗದು ಎಂದಳು. ನನ್ನ ತೊಡೆಗಳ ಚರ್ಮ ಸುಟ್ಟ ಹಾಗೆ ಕೆಂಪಾಗಿ ಬಿರಿದಿತ್ತು. ಅದನ್ನು ನೋಡುತ್ತ, "ದಿನಾ ಎಷ್ಟು ಪಾಣಿ ಕುಡಿತಾಳೆ?" ಎಂದು ಅತ್ತೆಯನ್ನು ಕೇಳಿದಳು.

ಅತ್ತೆ ಹೆಮ್ಮೆಯಿಂದಲೇ ಹೇಳಿದಳು, "ಕೊಡೂದ ಇಲ್ರಿ ಬಾಯಾರ. ನಾನ ಕಾವಲ ಇರತೇನಿ."

ಡಾಕ್ಟರಬಾಯಿ ಕೈ ತೊಳೆಯುತ್ತಿದ್ದವಳು ನಿಂತಳು. ಬೈಯಲಿಲ್ಲ. ನಿಧಾನವಾಗಿ ಹೇಳಿದಳು: ನೀರು ಇಲ್ಲದೆ ಉಚ್ಚೆ ಕಡುವಾಗುತ್ತದೆ, ಕಡುವಾದ ಉಚ್ಚೆ ಚರ್ಮವನ್ನು ತಿನ್ನುತ್ತದೆ, ತಿಂದ ಚರ್ಮದಲ್ಲಿ ಹೊಲಿಗೆ ನಿಲ್ಲುವುದಿಲ್ಲ. ನೀರು ಬಿಟ್ಟರೂ ತೂತು ಮುಚ್ಚುವುದಿಲ್ಲ, ಉರಿ ಮಾತ್ರ ಹೆಚ್ಚುತ್ತದೆ. "ಖೂಪ್ ಪಾಣಿ, ಬಹಳ ಪಾಣಿ ಕುಡಿಬೇಕು, ಆಜಿ. ಚರ್ಮ ಮಾಗಿದರೆ ಆಪರೇಶನ್. ಇಲ್ಲಾಂದ್ರೆ ನಾನು ಕೈ ಹಚ್ಚೋದಿಲ್ಲ."

ಅತ್ತೆ ನನ್ನ ಸೀರೆಯನ್ನು ಎಳೆದು ತೊಡೆ ಮುಚ್ಚಿದಳು. "ಅಂದ್ರ ಇಷ್ಟು ದಿನಾ ನಾನ ಈಕಿನ್ನ ಸುಟ್ಟೇನಿ," ಎಂದಳು.

"ಇಲ್ಲಿಗೆ ಕರಕೊಂಡು ಬಂದದ್ದೂ ನೀವೇ," ಎಂದಳು ಡಾಕ್ಟರಬಾಯಿ.

ಬೇರೆ ಅತ್ತೆಯಾಗಿದ್ದರೆ ಡಾಕ್ಟರಿಗೆ ಏನು ಗೊತ್ತು, ನಾವು ಹಡೆದವರಲ್ಲವೇ ಎಂದು ಗಂಟು ಕಟ್ಟುತ್ತಿದ್ದಳು. ಹುಟ್ಟಿದಾಗಿನಿಂದ ನಂಬಿದ್ದನ್ನು ನನ್ನ ಅತ್ತೆ ಆ ಬಾಗಿಲಲ್ಲೇ ಬಿಟ್ಟಳು. ಹೊರಗೆ ಬಂದು, ತಂಬಿಗೆ ಬಿಚ್ಚಿ, ನಳದ ನೀರು ತುಂಬಿ ನನ್ನ ಮುಂದೆ ಹಿಡಿದಳು. ನನಗೆ ಧೈರ್ಯ ಬರಲಿಲ್ಲ. ವರ್ಷದ ಹೆದರಿಕೆ ಒಂದು ಮಾತಿಗೆ ಹೋಗುತ್ತದೆಯೇ?

"ಸೋರತೈತ್ರಿ ಅತ್ತಿ."

"ಸೋರಲಿ. ಬಟ್ಟಿ ನಾ ಒಗೀತೇನಿ. ನೀ ಒಂದ ತಂಬಿಗಿ, ನಾ ಒಂದ ತಂಬಿಗಿ. ನೋಡೂನು ಯಾರ ಮದಲ ಸೋಲತಾರ."

ಆಡಿದ್ದನ್ನು ಮಾಡುವವಳು. ದವಾಖಾನೆಯಲ್ಲಿ ನಮ್ಮನ್ನು ಇರಿಸಿಕೊಂಡ ಅಷ್ಟೂ ದಿನ ನಾನು ಕುಡಿದಷ್ಟನ್ನೂ ತಾನೂ ಕುಡಿದಳು. ಹೊಟ್ಟೆ ಉಬ್ಬಿಸಿಕೊಂಡು ಪಾಯಖಾನೆಗೆ ಓಡಾಡಿ ಸುಸ್ತಾದಳು. ವಾರ್ಡಿನ ಹೆಂಗಸರು ನಕ್ಕರೆ, "ರೋಗ ಆಕಿಗಿ, ಓಡಾಟ ನನಗ," ಎನ್ನುವಳು. ನಾನೂ ನಕ್ಕೆ, ಹೆರಿಗೆಯಾದ ಮೇಲೆ ಮೊದಲ ಸಲ. ವಾರ ಕಳೆಯುವಷ್ಟರಲ್ಲಿ ಉರಿ ಇಳಿಯಿತು, ವಾಸನೆ ಇಳಿಯಿತು. ತೊಡೆಯ ಚರ್ಮ ಮಾಗತೊಡಗಿತು. ಡಾಕ್ಟರಬಾಯಿ ದಿನ ಗೊತ್ತುಮಾಡಿದಳು.

ಆ ಬೆಳಿಗ್ಗೆ ಇನ್ನೊಂದು ಗಂಡಾಂತರ ಬಂತು. ಮೈಮೇಲಿನದನ್ನೆಲ್ಲ ತೆಗೆಯಬೇಕು ಎಂದು ನರ್ಸು ಹೇಳಿದಳು. ತಾಳಿ ತೆಗೆದೆ, ಬಳೆ ತೆಗೆದೆ. ಕೊರಳಿನ ಲಿಂಗಕ್ಕೆ ಆಕೆ ಕೈ ಹಾಕಿದಾಗ ನಾನು ಹಿಂದೆ ಸರಿದೆ. ನಮ್ಮಲ್ಲಿ ಪ್ರಾಣ ಇರುವವರೆಗೆ ಲಿಂಗ ಮೈ ಬಿಡಬಾರದು. ಹೊಲಿಯದಿದ್ದರೂ ಸರಿ, ಇದನ್ನು ತೆಗೆಯುವುದಿಲ್ಲ ಎಂದೆ. ನರ್ಸು ಬೈದಳು. ಅತ್ತೆ ಡಾಕ್ಟರಬಾಯಿಯ ಹತ್ತಿರ ಹೋಗಿ ಕೈ ಮುಗಿದಳು. "ಕೊರಳಾಗ ಬ್ಯಾಡಾದ್ರ ಬ್ಯಾಡ್ರಿ. ತಲಿಗಿ ಕಟ್ಟಾಕ ನಮ್ಮಲ್ಲಿ ಅಡ್ಡಿ ಇಲ್ಲ. ನೀವು ಕೆಲಸಾ ಮಾಡೂದು ಕೆಳಗ, ಇದು ಮ್ಯಾಲ ಇರತೈತಿ."

ಡಾಕ್ಟರಬಾಯಿ ಸ್ವಲ್ಪ ಯೋಚಿಸಿದಳು. ಲಿಂಗದ ಕರಡಿಗೆಯನ್ನು ಔಷಧದ ನೀರಿನಿಂದ ತಾನೇ ಒರೆಸಿ, ಬಿಳಿ ಪಟ್ಟಿಯಲ್ಲಿ ಸುತ್ತಿ, ನನ್ನ ತಲೆಗೆ ಬಿಗಿಯಾಗಿ ಕಟ್ಟಿದಳು. "ಆತಾ ಠೀಕ್?" ಎಂದು ಕೇಳಿದಳು. ಆಕೆ ನಮ್ಮ ಜಾತಿಯವಳಲ್ಲ, ನಮ್ಮ ಪದ್ಧತಿ ಆಕೆಗೆ ಗೊತ್ತಿರಲಿಕ್ಕಿಲ್ಲ. ಕೇಳಿದ ಕೂಡಲೇ ತಿಳಿದುಕೊಂಡಳು. ಬುದ್ಧಿ ಇರುವವರು ಬಹಳ, ಇಂಥ ಮನಸ್ಸು ಇರುವವರು ಕಡಿಮೆ. ಮೂಗಿಗೆ ಔಷಧದ ಬಟ್ಟೆ ಹಿಡಿದಾಗ ನನಗೆ ಹೆದರಿಕೆ ಇರಲಿಲ್ಲ.

ಎಚ್ಚರವಾದಾಗ ಮೈಗೆ ಒಂದು ರಬ್ಬರಿನ ನಳಿಗೆ ಇತ್ತು. ಅದರ ತುದಿ ಹೊರಸಿನ ಕೆಳಗಿನ ಬೋಗುಣಿಯಲ್ಲಿ. ಉಚ್ಚೆ ಅದರಿಂದ ತೊಟ್ಟಿಕ್ಕುತ್ತಲೇ ಇರಬೇಕು, ನಿಂತರೆ ಒಳಗೆ ತುಂಬಿ ಹೊಲಿಗೆ ಹರಿಯುತ್ತದೆ, ಹರಿದರೆ ಮತ್ತೆ ಹೊಲಿಯುವುದು ಕಷ್ಟ ಎಂದು ಹೇಳಿದ್ದರು. ಅಲ್ಲಿಯವರೆಗೆ ನಿಲ್ಲಲಿ ನಿಲ್ಲಲಿ ಎಂದು ದೇವರನ್ನು ಬೇಡಿದ್ದ ನಾವಿಬ್ಬರೂ ಈಗ ನಿಲ್ಲದಿರಲಿ ಎಂದು ಬೇಡತೊಡಗಿದೆವು. ಅತ್ತೆ ಬೋಗುಣಿಯ ಮುಂದೆ ಕೂತು ಬತ್ತಿ ಹೊಸೆಯುವಳು, ಕಿವಿ ಮಾತ್ರ ಹನಿಯ ಮೇಲೆ.

ಒಂದು ಮಧ್ಯಾಹ್ನ ಹನಿ ನಿಂತಿತು. ನರ್ಸು ಊಟಕ್ಕೆ ಹೋಗಿದ್ದಳು. ಅತ್ತೆ ಬತ್ತಿಗಳನ್ನು ಚೆಲ್ಲಿ ಎದ್ದು ಹೋದಳು. ಡಾಕ್ಟರಬಾಯಿ ಯಾರೋ ಸಾಹೇಬರೊಡನೆ ಮಾತಾಡುತ್ತಿದ್ದಳಂತೆ. ಅತ್ತೆ ನಡುವೆ ನುಗ್ಗಿ, ಆಕೆಯ ಮಣಿಕಟ್ಟು ಹಿಡಿದು ಎಳೆದುಕೊಂಡೇ ಬಂದಳು. ಡಾಕ್ಟರಬಾಯಿಯೂ ಕೈ ಬಿಡಿಸಿಕೊಳ್ಳದೆ ಓಡಿಯೇ ಬಂದಳು. ಪಿಚಕಾರಿಯಿಂದ ನೀರು ಬಿಟ್ಟು ನಳಿಗೆಯನ್ನು ಬಿಡಿಸಿದಳು. ಬೋಗುಣಿಗೆ ಟಪ್ ಎಂದು ಬಿತ್ತು. ಇಬ್ಬರೂ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಎತ್ತಿ ಹೇಳುವಷ್ಟು ಭಾಷೆ ಇಬ್ಬರ ನಡುವೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ನಳಿಗೆ ತೆಗೆಯುವ ದಿನ ನಮ್ಮ ಮನೆಯವರು ಊರಿಂದ ಬಂದು ಪಡಸಾಲೆಯಲ್ಲಿ ಕೂತಿದ್ದರು. ಯುಗಾದಿ ಹತ್ತಿರ ಬಂದಿತ್ತು. ನಳಿಗೆ ತೆಗೆದರು. ನಾನು ಕಾಲು ಜೋಡಿಸಿಕೊಂಡು ಉಸಿರು ಹಿಡಿದು ಮಲಗಿದೆ. ಅತ್ತೆ ಆಗಾಗ ಸೀರೆಯ ಕೆಳಗೆ ಕೈ ಹಾಕಿ ನೋಡುವಳು. ಹಾಗೇ ಕೆಲ ಹೊತ್ತು ಹೋಯಿತು. ಆಮೇಲೆ ಹೊಕ್ಕಳ ಕೆಳಗೆ ಏನೋ ಭಾರ ಕೂತ ಹಾಗಾಯಿತು. ಹೊಲಿಗೆ ಹರಿಯುತ್ತಿದೆ ಎಂದುಕೊಂಡೆ.

"ಅತ್ತಿ, ಕೆಳಗ ಭಾರ ಆಗಾಕತ್ತೈತ್ರಿ. ಏನೋ ಒತ್ತಾಕತ್ತೈತಿ."

ಅತ್ತೆ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ನನ್ನ ಮುಖ ನೋಡಿದಳು. "ಅದು ಒಂದಕ್ಕ ಬಂದದ್ದ, ನೀಲವ್ವಾ. ಎಲ್ಲಾರಿಗೂ ಹಂಗ ಬರತೈತಿ. ಮರತೀ ಏನ?"

ಮರೆತೇಬಿಟ್ಟಿದ್ದೆ. ನರ್ಸು ಬೋಗುಣಿ ತರುವವರೆಗೆ ತಡೆದುಕೊಂಡೆ. ತಡೆದುಕೊಂಡೆ ಎಂದು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಆಮೇಲೆ ಹೋದೆ, ಮುಗಿಸಿದೆ, ನಿಂತಿತು. ಅತ್ತೆ ನನ್ನ ಸೀರೆಯ ಹಿಂಭಾಗವನ್ನು ಮುಷ್ಟಿಯಲ್ಲಿ ಹಿಡಿದು ನೋಡಿದಳು. ಒಣಗಿತ್ತು. ಅದನ್ನು ಹಿಡಿದುಕೊಂಡೇ ಅತ್ತಳು. ಆಕೆ ಅತ್ತದ್ದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಕಣ್ಣೊರೆಸಿಕೊಂಡು ಪಡಸಾಲೆಗೆ ಹೋದಳು. ವಾರ್ಡಿನ ಬಾಗಿಲು ತೆರೆದೇ ಇತ್ತು, ಮಾತು ಕೇಳಿಸುತ್ತಿತ್ತು.

"ನಿನ್ನ ಹೇಣ್ತಿಗಿ ನೆಟ್ಟಗಾತು. ಇಲ್ಲಿಂದ ಹುಕ್ಕೇರಿಗಿ ಹೋಗು. ಬ್ಯಾರೆ ವರಾ ನೋಡ್ಕೋರಿ ಅಂತ ನಿನ್ನ ಬಾಯಿಲೆ ಹೇಳು."

ಸರಿಮಾಡುತ್ತ ನಿಲ್ಲಲು ಇಲ್ಲಿ ಎತ್ತಿನ ಗಂಟೆಯೂ ಇಲ್ಲ ಇವರಿಗೆ ಎಂದುಕೊಂಡೆ.

"ಹೇಳಿ ಬಂದೇನವ್ವಾ," ಎಂದರು ಅವರು. "ನೀವು ಮೋಟಾರ ಹತ್ತಿದ ಮರುದಿನಾನ ಹೋಗಿದ್ದೆ. ಆಕಿಗಿ ನೆಟ್ಟಗಾಗಲಿ, ಆಗದ ಇರಲಿ, ನನಗ ಇನ್ನೊಂದ ಮದಿವಿ ಬ್ಯಾಡ ಅಂತ ಹೇಳಿ ಬಂದೇನಿ."

ಅತ್ತೆ ಅಂದಳು, "ಅದನ್ನ ನನಗ ಯಾಕ ಹೇಳ್ತಿ? ಒಳಗ ಹೋಗಿ ಆಕಿಗಿ ಹೇಳು."

ಅವರು ಒಳಗೆ ಬಂದರು. ಹೆಂಗಸರ ವಾರ್ಡು, ಸಾಲು ಸಾಲು ಹೊರಸು, ಎಲ್ಲರೂ ಎದ್ದು ಕೂತು ನೋಡುತ್ತಿದ್ದರು. ರುಮಾಲು ಕೈಯಲ್ಲಿ ಹಿಡಿದುಕೊಂಡು ನನ್ನ ಹೊರಸಿನ ಹತ್ತಿರ ನಿಂತು, ಅದೇ ಮಾತನ್ನು ಎಲ್ಲರಿಗೂ ಕೇಳುವ ಹಾಗೆ ನನಗೆ ಹೇಳಿದರು.